ಬಯಲ ಬೆಂಕಿಗೆ ಊರಿನ ಕಟ್ಟಳೆ

ಮನೆಯ ಒಲೆ, ಕಮ್ಮಾರನ ಕುಲುಮೆ, ಕಾರ್ಖಾನೆಯ ಕುದಿಪಾತ್ರೆ ಇವುಗಳಲ್ಲಿ ಉರಿಯುವ ಬೆಂಕಿಗೆ ಗೋಡೆಯೋ ಚಿಮಣಿಯೋ ಒಂದು ಎಲ್ಲೆಯಾಗಿರುತ್ತದೆ. ಹೊಲ, ಬೀದಿ, ತಿಪ್ಪೆ, ಜಾತ್ರೆಯ ಬಯಲು, ಬೆಟ್ಟದ ಬುಡ ಮೊದಲಾದ ಕಡೆ ತೆರೆದ ಆಕಾಶದ ಕೆಳಗೆ ಹೊತ್ತಿಸುವ ಬೆಂಕಿಗೆ ಅಂತಹ ಎಲ್ಲೆ ಇಲ್ಲದಿರುವುದರಿಂದ, ಅದನ್ನು ಹೊತ್ತಿಸುವವನ ಎಚ್ಚರವೂ ಊರಿನ ಕಟ್ಟಳೆಯೂ ಗೋಡೆಯ ಕೆಲಸ ಮಾಡಬೇಕಾಗುತ್ತದೆ. ಇದನ್ನು ಬಯಲು ಬೆಂಕಿ ಎಂದು ಕರೆಯಬಹುದು. ಇದರಲ್ಲಿ ಎರಡು ಬಗೆಗಳಿವೆ: ಕಸ, ಕೂಳೆ, ಒಣ ಗರಿಗಳನ್ನು ಇಲ್ಲವಾಗಿಸಲು ಹಚ್ಚುವ ಸುಡುವಿಕೆ ಒಂದು, ಚಳಿ ಕಾಯಿಸಿಕೊಳ್ಳಲು, ತೆನೆ ಸುಟ್ಟು ತಿನ್ನಲು, ಹಬ್ಬ ಆಚರಿಸಲು, ಇಲ್ಲವೆ ಪ್ರವಾಸಿಗರು ಸಂತೋಷಕ್ಕೆಂದು ಸುತ್ತ ಕುಳಿತುಕೊಳ್ಳಲು ಹೊತ್ತಿಸುವ ಬೆಂಕಿ ಮತ್ತೊಂದು. ಪಾಶ್ಚಾತ್ಯ ದೇಶಗಳ ಊರಾಡಳಿತಗಳು ಈ ಎರಡಕ್ಕೂ ಬೇರೆ ಬೇರೆ ನಿಯಮಗಳನ್ನು ಬರೆದಿಟ್ಟಿವೆ. ಬಾಗಲಕೋಟೆ ಜಿಲ್ಲೆಯ ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಂತಹ ಊರಿನಲ್ಲಿ ಇಂತಹ ನಿಯಮಗಳು ಇಲ್ಲವೆಂದಲ್ಲ. ಅವು ಹಲವು ಕಾಯಿದೆಗಳಲ್ಲಿಯೂ ಹಳೆಯ ರೂಢಿಗಳಲ್ಲಿಯೂ ಚದುರಿಹೋಗಿವೆ.

ಚೊಳಚಗುಡ್ಡವು ಮಲಪ್ರಭೆಯ ದಂಡೆಯಲ್ಲಿ, ಬಾದಾಮಿಯಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ. ಬನಶಂಕರಿಯ ಗುಡಿಯೂ ಹರಿದ್ರಾತೀರ್ಥ ಎಂಬ ಹೊಂಡವೂ ಇದರ ಸೀಮೆಗೆ ಸೇರಿವೆ. ಒಂದು ಕಡೆ ನದಿಯ ನೀರುಂಡ ತೋಟ, ಕಬ್ಬಿನ ಹೊಲಗಳು. ಇನ್ನೊಂದು ಕಡೆ ಮರಳುಗಲ್ಲಿನ ಗುಡ್ಡಗಳು ಮತ್ತು ಅವುಗಳ ಮೇಲಿನ ಕುರುಚಲು ಕಾಡು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೆ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಅದೇ ದಿನಗಳಲ್ಲಿ ಕಬ್ಬಿನ ಕಟಾವು ಸಾಗಿರುತ್ತದೆ. ಹಿಂಗಾರಿ ಜೋಳ ಹಾಲುಗಟ್ಟಿ ಸೀತನಿಗೆ ಬರುತ್ತದೆ. ಆ ಜೋಳ ಕೊಯ್ದು ಹೊಲ ಬರಿದಾಗುವ ಹೊತ್ತಿಗೆ ಹೋಳಿ ಹುಣ್ಣಿಮೆ ಬರುತ್ತದೆ. ಗುಡ್ಡದ ಹುಲ್ಲು ಪೂರ್ತಿ ಒಣಗಿ ನಿಲ್ಲುವುದೂ ಆಗಲೇ. ಅಂದರೆ ಮನುಷ್ಯನಿಗೆ ಬೆಂಕಿ ಬೇಕೆನಿಸುವ ಕಾಲವೂ, ನೆಲ ಬೆಂಕಿಯನ್ನು ಬೇಗನೆ ಹಿಡಿಯುವ ಕಾಲವೂ ಇಲ್ಲಿ ಒಂದೇ ಆಗಿದ್ದು, ಜನವರಿಯಿಂದ ಮೇ ತನಕದ ಈ ಐದು ತಿಂಗಳನ್ನೇ ಬೆಂಕಿಯ ಕಾಲವೆಂದು ಎಣಿಸಬೇಕಾಗಿದೆ.

ಕಾಯಿದೆಯ ಮಾತಿಗೆ ಹೋಗುವ ಮೊದಲು ಈ ನಾಡಿನ ರೂಢಿಯನ್ನು ನೋಡುವುದು ಉಚಿತ. ಸೀತನಿ ಎಂದರೆ ಸಿಹಿತೆನೆ, ಹಾಲುಗಾಳಿನ ಎಳೆಯ ಜೋಳ. ಅದನ್ನು ಸುಡಲು ಹೊಲದಲ್ಲಿ ಸಣ್ಣ ಕುಣಿ ತೋಡಿ, ಅದರಲ್ಲಿ ಕುಳ್ಳುಗಳನ್ನು, ಅಂದರೆ ಒಣಗಿಸಿದ ಸಗಣಿಯ ಬೆರಣಿಗಳನ್ನು ಉರಿಸಿ, ಉರಿ ಇಳಿದು ಕೆಂಡವಾದ ಮೇಲೆ ತೆನೆಗಳನ್ನು ಒಡ್ಡಿ, ಬಿಸಿಯಿರುವಾಗಲೇ ಕಾಳು ಉದುರಿಸಿ ತಿನ್ನುತ್ತಾರೆ. ಮೊಹರಮ್ಮಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳು ಬೆಂಕಿ ಹೊತ್ತಿಸುವುದು ಅಲಾಯಿ ಕುಣಿ ಎಂಬ ದುಂಡನೆಯ ಗುಂಡಿಯಲ್ಲಿ. ಅದನ್ನು ತೋಡುವ ಜಾಗ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಜಾತ್ರೆಗಳಲ್ಲಿ ಭಕ್ತರು ಅಗ್ಗಿ ಹಾಯುವುದು ಸಹ ಅಳತೆಯಿಟ್ಟು ತೋಡಿದ ಕೊಂಡದ ಕೆಂಡದ ಮೇಲೆ. ಚೊಳಚಗುಡ್ಡದ ಸಮೀಪದಲ್ಲಿಯೇ ಮಲಪ್ರಭೆಯ ದಂಡೆಯ ಮೇಲಿರುವ, ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರ ವಿಭೂತಿಗೆ ಹೆಸರಾದುದು. ವಿಭೂತಿಗೂ ಮೂಲ ಸುಟ್ಟ ಸಗಣಿಯೇ, ಮತ್ತು ಆ ಸುಡುವಿಕೆ ಒಂದು ಶಾಸ್ತ್ರದಂತೆ, ಹೊತ್ತು ಮತ್ತು ಸ್ಥಳದ ಕಟ್ಟಿನೊಳಗೆ ನಡೆಯುವಂತಹದು. ಈ ಎಲ್ಲ ಪದ್ಧತಿಗಳಲ್ಲಿ ಕಾಣುವ ಸಮಾನ ಅಂಶಗಳೆಂದರೆ ಬೆಂಕಿಗೆ ಗೊತ್ತಾದ ಜಾಗ, ಗೊತ್ತಾದ ಇಂಧನ ಮತ್ತು ಅದು ಆರುವ ತನಕ ಕಾಯುವ ಜನ. ಹಿರಿಯರು ಬೆಂಕಿಯನ್ನು ನಿಷೇಧಿಸಲಿಲ್ಲ, ಅದಕ್ಕೆ ಎಲ್ಲೆ ಹಾಕಿದರು.

ಅಮೆರಿಕದ ಅನೇಕ ರಾಜ್ಯ, ಊರುಗಳು ಅಳವಡಿಸಿಕೊಂಡಿರುವ ಅಂತರರಾಷ್ಟ್ರೀಯ ಅಗ್ನಿ ಸಂಹಿತೆ ಎಂಬ ಮಾದರಿ ನಿಯಮಾವಳಿಯೊಂದಿಗೆ ಇದನ್ನು ಹೋಲಿಸಿ ನೋಡಿದರೆ ಅಚ್ಚರಿಯಾಗುತ್ತದೆ. ಆ ಸಂಹಿತೆಯ ಪ್ರಕಾರ ಮನರಂಜನೆಯ ಬೆಂಕಿಯೆಂದರೆ ಇಂಧನದ ರಾಶಿ 3 ಅಡಿ ಅಗಲವನ್ನೂ 2 ಅಡಿ ಎತ್ತರವನ್ನೂ ಮೀರದಂತಹದು. ಅದನ್ನು ಯಾವುದೇ ಕಟ್ಟಡದಿಂದಾಗಲಿ ಹೊತ್ತಿಕೊಳ್ಳುವ ವಸ್ತುವಿನಿಂದಾಗಲಿ 25 ಅಡಿಯೊಳಗೆ ಹೊತ್ತಿಸಕೂಡದು. ಅದಕ್ಕಿಂತ ದೊಡ್ಡ ಉರಿಗೆ 50 ಅಡಿ ದೂರ ಬೇಕು. ಪೂರ್ತಿ ಆರುವ ತನಕ ಒಬ್ಬರು ಕಾವಲಿರಬೇಕು. ನೀರು, ಮಣ್ಣು ಇಲ್ಲವೆ ನಂದಕವೊಂದು ಕೈಗೆಟುಕುವಂತಿರಬೇಕು. ಸೀತನಿಯ ಕುಣಿ ಈ ಅಳತೆಯೊಳಗೆ ತಾನಾಗಿಯೇ ಅಡಗುತ್ತದೆ. ಅಲ್ಲಿ ಅಂಕಿಗಳಲ್ಲಿ ಬರೆದಿಟ್ಟದ್ದನ್ನು ಇಲ್ಲಿ ರೂಢಿಯೇ ಹೇಳುತ್ತಿತ್ತು. ಆದರೆ ರೂಢಿಯನ್ನು ಅರಿಯದವರು, ಅಂದರೆ ದೂರದ ಊರುಗಳಿಂದ ಬರುವ ಪ್ರವಾಸಿಗರು ಮತ್ತು ಅದರ ನಂಟು ತಪ್ಪಿದ ಹೊಸ ತಲೆಮಾರಿನವರು ಬೆಂಕಿ ಹೊತ್ತಿಸತೊಡಗಿದಾಗ ಬರೆದ ನಿಯಮದ ಅಗತ್ಯ ಬೀಳುತ್ತದೆ.

ಭಾರತದಲ್ಲಿ ಎಲ್ಲ ಬಗೆಯ ಬಯಲು ಬೆಂಕಿಗೂ ಅನ್ವಯಿಸುವ ತಳಮಟ್ಟದ ನಿಯಮ ದಂಡಸಂಹಿತೆಯಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು, ಬೆಂಕಿಯನ್ನಾಗಲಿ ಉರಿಯುವ ವಸ್ತುವನ್ನಾಗಲಿ ಜನರ ಪ್ರಾಣಕ್ಕೆ ಅಪಾಯ ತರುವಷ್ಟು ಅಥವಾ ಇನ್ನೊಬ್ಬರಿಗೆ ಗಾಯವಾಗುವಷ್ಟು ದುಡುಕಿನಿಂದ, ಅಲಕ್ಷ್ಯದಿಂದ ಬಳಸುವವರಿಗೆ ಆರು ತಿಂಗಳವರೆಗಿನ ಸೆರೆಮನೆ ಅಥವಾ 2,000 ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹಿಂದಿನ ದಂಡಸಂಹಿತೆಯ 285ನೇ ಕಲಮಿನಲ್ಲಿ ಈ ದಂಡ 1,000 ರೂಪಾಯಿ ಇತ್ತು. ಇಲ್ಲಿ ಗಮನಿಸಬೇಕಾದುದು, ತನ್ನ ವಶದಲ್ಲಿರುವ ಬೆಂಕಿಯ ಬಗ್ಗೆ ತಕ್ಕ ಎಚ್ಚರಿಕೆ ವಹಿಸದೆ ಸುಮ್ಮನಿರುವುದೂ ಅಪರಾಧವೇ. ಹೊತ್ತಿಸಿ ಮನೆಗೆ ಹೋದವನು ತಾನೇನೂ ಮಾಡಲಿಲ್ಲ ಎಂದು ಹೇಳುವಂತಿಲ್ಲ. ಬೇರೆಯವರ ಆಸ್ತಿಗೆ ಹಾನಿಯಾಗಲೆಂದು ಅಥವಾ ಹಾನಿಯಾಗಬಹುದೆಂದು ತಿಳಿದೂ ಬೆಂಕಿ ಇಟ್ಟರೆ ವಿಷಯ ಬೇರೆಯಾಗುತ್ತದೆ: ಅದು 326ನೇ ಕಲಮಿನ ಕೆಳಗೆ ಬರುವ ಕೇಡು, ಕೃಷಿ ಉತ್ಪನ್ನವೂ ಸೇರಿದಂತೆ ಯಾವುದೇ ಸ್ವತ್ತಿಗೆ ಹೀಗೆ ಹಾನಿ ಮಾಡಿದರೆ ಏಳು ವರ್ಷಗಳವರೆಗೆ ಶಿಕ್ಷೆ ಆಗಬಹುದು. ಕಣಿಕಿಯ ಬಣವಿಗೆ ಬೆಂಕಿ ಬಿದ್ದು ವರ್ಷದ ಮೇವನ್ನು ಕಳೆದುಕೊಂಡ ರೈತನ ಪಾಡನ್ನು ಬಲ್ಲವರಿಗೆ ಈ ಶಿಕ್ಷೆ ಹೆಚ್ಚೆನಿಸುವುದಿಲ್ಲ. ಗಾಳಿಯನ್ನು ಆರೋಗ್ಯಕ್ಕೆ ಕೆಡುಕಾಗುವಂತೆ ಮಲಿನಗೊಳಿಸುವುದಕ್ಕೆ 280ನೇ ಕಲಮು ಸಾವಿರ ರೂಪಾಯಿಗಳವರೆಗೆ ದಂಡ ಹೇಳುತ್ತದೆ.

ಕಸ ಸುಡುವುದರ ವಿಚಾರದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಒಂದು ವ್ಯತ್ಯಾಸ ಬೆಳೆದುಬಂದಿತ್ತು. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಬೀದಿಯಲ್ಲಿ, ಸಾರ್ವಜನಿಕ ಬಯಲಿನಲ್ಲಿ, ಚರಂಡಿಯಲ್ಲಿ ಎಸೆಯುವುದನ್ನೂ ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿದವು. ಆದರೆ ಅವು ಮುಖ್ಯವಾಗಿ ಅನ್ವಯಿಸಿದ್ದು ಇಳಕಲ್ಲ, ಬಾದಾಮಿ, ಹುನಗುಂದದಂತಹ ನಗರಾಡಳಿತಗಳಿಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಮಿತ್ರಾ ಪಟೇಲ್ ಅವರ ಅರ್ಜಿಯ ಮೇಲೆ ತೀರ್ಪು ನೀಡಿದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಂದರೆ ಪರಿಸರದ ವ್ಯಾಜ್ಯಗಳಿಗೆಂದೇ ಇರುವ ವಿಶೇಷ ನ್ಯಾಯಸ್ಥಾನ, ತೆರೆದ ಜಾಗದಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ದಂಡವನ್ನು ನಿಗದಿಪಡಿಸಿತು. ಈ ನಿಷೇಧಕ್ಕೆ ಕಾರಣ ಹೊಗೆಯ ಗುಣ ಬದಲಾಗಿರುವುದು. ಒಂದು ಕಾಲದಲ್ಲಿ ಮನೆಯ ಕಸವೆಂದರೆ ಎಲೆ, ಹೊಟ್ಟು, ಬೂದಿ, ಸಗಣಿ, ಮತ್ತು ಅವೆಲ್ಲ ತಿಪ್ಪೆಗೆ ಸೇರಿ ಗೊಬ್ಬರವಾಗುತ್ತಿದ್ದವು. ಇಂದಿನ ಕಸದಲ್ಲಿ ಪ್ಲಾಸ್ಟಿಕ್ ಚೀಲ, ಗುಟ್ಕಾ ಚೀಟಿ, ಹಳೆಯ ಟೈರು, ವೈರುಗಳಿದ್ದು, ಕ್ಲೋರಿನ್ ಇರುವ ಪ್ಲಾಸ್ಟಿಕ್ ಕಡಿಮೆ ಕಾವಿನಲ್ಲಿ ಉರಿದಾಗ ಡಯಾಕ್ಸಿನ್ ಎಂಬ, ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷವಸ್ತು ಹುಟ್ಟುತ್ತದೆ.

ಹೊಗೆಯಲ್ಲಿರುವ ಸೂಕ್ಷ್ಮ ಕಣಗಳ ಬಗ್ಗೆಯೂ ಒಂದು ಮಾತು ಅಗತ್ಯ. ಒಂದು ಮಿಲಿಮೀಟರಿನ ನಾನೂರನೆಯ ಒಂದು ಭಾಗದಷ್ಟು, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದಾದ ಕಣಗಳು ಮೂಗು, ಗಂಟಲುಗಳಲ್ಲಿ ತಡೆಯಲ್ಪಡದೆ ಪುಪ್ಪುಸದ ಆಳಕ್ಕೆ ಇಳಿಯುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದೆಂದು ಭಾರತದ 2009ರ ಮಾನಕ ಹೇಳಿದರೆ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಅದನ್ನು 15ಕ್ಕೆ ಇಳಿಸಿದೆ. ಚಳಿಗಾಲದ ರಾತ್ರಿ ನೆಲಕ್ಕೆ ಹತ್ತಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿ ಮೇಲೇಳದೆ ನಿಲ್ಲುವುದರಿಂದ, ಸಂಜೆ ಹಚ್ಚಿದ ತಿಪ್ಪೆಯ ಹೊಗೆ ಬೆಳಗಿನವರೆಗೂ ಓಣಿಯಲ್ಲಿಯೇ ಕವಿದಿರುತ್ತದೆ. ದೊಡ್ಡ ಪಟ್ಟಣಗಳಲ್ಲಿ ಇದನ್ನು ಅಳೆಯುವ ಯಂತ್ರಗಳಿರಬಹುದು. ಹಳ್ಳಿಯಲ್ಲಿ ಅಳತೆಗೋಲು ಮಕ್ಕಳ ಮತ್ತು ಮುದುಕರ ಕೆಮ್ಮೊಂದೇ.

ಗುಡ್ಡದ ಕಡೆಗೆ ಹೊರಳಿದರೆ ನಿಯಮ ಬಿಗಿಯಾಗುತ್ತದೆ. ಕರ್ನಾಟಕ ಅರಣ್ಯ ಕಾಯಿದೆ 1963ರ 24ನೇ ಕಲಮಿನ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದಷ್ಟೇ ಅಲ್ಲ, ಅರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸಿ ಉರಿಯಬಿಟ್ಟು ಹೋಗುವುದೂ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರ 30ನೇ ಕಲಮು ಅಭಯಾರಣ್ಯಗಳಿಗೆ ಇಂತಹುದೇ ನಿಷೇಧವನ್ನು ಹೇಳುತ್ತದೆ. ಜಿಲ್ಲೆಯ ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ಚಿಂಕಾರ ಅಭಯಾರಣ್ಯ ಇದರ ವ್ಯಾಪ್ತಿಗೆ ಬರುತ್ತದೆ. ಬೇಸಿಗೆಗೆ ಮುನ್ನ ಅರಣ್ಯ ಇಲಾಖೆ ಬೆಂಕಿ ರೇಖೆಗಳನ್ನು, ಅಂದರೆ ಹುಲ್ಲು ಸವರಿ ಬರಿದಾಗಿಸಿದ ಪಟ್ಟಿಗಳನ್ನು ಮಾಡಿ ಉರಿ ದಾಟದಂತೆ ತಡೆಯಲು ನೋಡುತ್ತದೆ. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹಗಳ ಸಂವೇದಕಗಳಿಂದ ಬೆಂಕಿಯ ಸುಳಿವು ಹಿಡಿದು ಎಚ್ಚರಿಕೆ ಕಳುಹಿಸುತ್ತದಾದರೂ, ಆ ಸಂವೇದಕಗಳಲ್ಲಿ ಸೂಕ್ಷ್ಮವಾದುದು ನೆಲವನ್ನು ನೋಡುವುದು 375 ಮೀಟರ್ ಚೌಕಗಳಲ್ಲಿ. ಬಂಡೆಯ ಮರೆಯಲ್ಲಿ ನಾಲ್ಕು ಜನ ಹೊತ್ತಿಸಿದ ಸಣ್ಣ ಬೆಂಕಿ, ಅದು ಗುಡ್ಡಕ್ಕೆ ಹಬ್ಬಿ ದೊಡ್ಡದಾದ ಮೇಲೆಯೇ ಆಕಾಶದಿಂದ ಕಾಣುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಕೆಲವೇ ದಿನಗಳಲ್ಲಿ ಸುಟ್ಟುಹೋದುದು ರಾಜ್ಯದ ನೆನಪಿನಲ್ಲಿದೆ. ಬಾದಾಮಿಯ ಕುರುಚಲು ಕಾಡು ಅಷ್ಟು ದಟ್ಟವಲ್ಲ; ಆದರೆ ಅದರ ಹುಲ್ಲು ಬೇಗ ಹೊತ್ತಿಕೊಳ್ಳುತ್ತದೆ, ಬಂಡೆಗಳ ನಡುವೆ ನೀರಿನ ಬಂಡಿ ಹೋಗಲು ದಾರಿಯಿಲ್ಲ, ಮತ್ತು ಒಮ್ಮೆ ಸುಟ್ಟ ತೆಳುಮಣ್ಣು ಮುಂದಿನ ಮಳೆಗೆ ಕೊಚ್ಚಿಹೋದರೆ ಅಲ್ಲಿ ಮತ್ತೆ ಗಿಡ ಏಳುವುದು ಕಷ್ಟ.

ಬಾದಾಮಿಯಲ್ಲಿ ಬೆಂಕಿಯಿಂದ ಕೆಡುವುದು ಗಿಡಮರ ಮಾತ್ರವಲ್ಲ, ಕಲ್ಲು ಕೂಡ. ಇಲ್ಲಿನ ಕೆಂಪು ಮರಳುಗಲ್ಲು ಸ್ಫಟಿಕಶಿಲೆಯ ಕಣಗಳು ಬೆಸೆದುಕೊಂಡು ಆದುದು. ಆ ಕಣಗಳ ನಡುವೆ ಕಬ್ಬಿಣದ ಆಕ್ಸೈಡುಗಳು ಬಣ್ಣ ನೀಡಿವೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಕಾವಿಗೆ ಹಳದಿ ಛಾಯೆಯ ಕಬ್ಬಿಣದ ಖನಿಜ ನೀರು ಕಳೆದುಕೊಂಡು ಕೆಂಪಾಗಿ ಕಲ್ಲಿನ ಬಣ್ಣವನ್ನೇ ಬದಲಿಸುತ್ತದೆ. 573 ಡಿಗ್ರಿಯಲ್ಲಿ ಸ್ಫಟಿಕದ ಒಳರಚನೆ ಬದಲಾಗಿ ಅದು ಒಮ್ಮೆಲೇ ಹಿಗ್ಗುತ್ತದೆ. ಕಟ್ಟಿಗೆಯ ಉರಿಯ ನಡುಭಾಗ ಈ ಕಾವನ್ನು ಮುಟ್ಟುವುದು ಅಪರೂಪವಲ್ಲ. ಮೇಲ್ಮೈ ಹಿಗ್ಗಿ ಒಳಭಾಗ ಹಿಗ್ಗದೆ ಉಳಿದಾಗ ಕಲ್ಲು ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಉರಿಯನ್ನು ನೀರೆರಚಿ ಆರಿಸಿದರೆ ಇನ್ನೂ ಹೆಚ್ಚು. ಬಂಡೆ ಏರುವ ಕ್ರೀಡೆಗೆ ಬಾದಾಮಿ ದೇಶದಲ್ಲಿಯೇ ಹೆಸರಾದ ತಾಣವಾಗಿರುವುದರಿಂದ ರಾತ್ರಿ ಬಂಡೆಯ ಬುಡದಲ್ಲಿ ಬೆಂಕಿ ಕಾಯಿಸಿಕೊಳ್ಳುವ ಆಸೆ ಸಹಜ. ಆದರೆ ಅದೇ ಬಂಡೆಯ ಮುಖದ ಮೇಲೆ ಉಳಿಯುವ ಮಸಿ ಮತ್ತು ಬಿರುಕು ಯಾವ ಮಳೆಗೂ ಹೋಗುವಂತಹದಲ್ಲ. ಸಿಡಿಲಪಡಿಯಂತಹ ಕಲ್ಲಾಸರೆಗಳಲ್ಲಿ, ಅಂದರೆ ಮುಂದೆ ಚಾಚಿದ ಬಂಡೆಯ ಕೆಳಗಿನ ನೆರಳುತಾಣಗಳಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಸಾವಿರಾರು ವರ್ಷ ಉಳಿದ ಆ ಬಣ್ಣವನ್ನು ಒಂದು ರಾತ್ರಿಯ ಹೊಗೆ ಮುಚ್ಚಬಲ್ಲದು ಎಂಬುದನ್ನು ನೆನೆದರೆ, ಅಂತಹ ಆಸರೆಯ ಕೆಳಗೆ ಒಲೆ ಹೂಡುವುದು ಎಷ್ಟು ದೊಡ್ಡ ಕೇಡೆಂಬುದು ತಿಳಿಯುತ್ತದೆ.

ಸಂರಕ್ಷಿತ ಸ್ಮಾರಕಗಳ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಿಂದ ಹಿಡಿದು, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಮತ್ತು ಹುನಗುಂದ ಸೀಮೆಯ ಐಹೊಳೆಯವರೆಗೆ, ಸ್ಮಾರಕದ ಆವರಣದೊಳಗೆ ಅನುಮತಿಯಿರುವ ಸ್ಥಳದಲ್ಲಿ ಹೊರತು ಅಡುಗೆ ಮಾಡಕೂಡದೆಂದು 1959ರ ಪ್ರಾಚೀನ ಸ್ಮಾರಕಗಳ ನಿಯಮಗಳು ಹೇಳುತ್ತವೆ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಮೂಲ ಕಾಯಿದೆ, 2010ರ ತಿದ್ದುಪಡಿಯ ನಂತರ, ಎರಡು ವರ್ಷಗಳವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಲ್ಲದು. ಸಂರಕ್ಷಿತವೆಂದು ಸಾರದೆ ಉಳಿದ ಬಂಡೆಗಳಿಗೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ, ಮತ್ತು ಅಂತಹ ಬಂಡೆಗಳೇ ಇಲ್ಲಿ ಹೆಚ್ಚು.

ಹೊಲದ ಬೆಂಕಿಯ ವಿಷಯದಲ್ಲಿ ರೈತನನ್ನು ಅಪರಾಧಿಯೆಂದು ನೋಡುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆ, ಗರಿಗಳಿಗೆ ಈ ಭಾಗದಲ್ಲಿ ರವದಿ ಎನ್ನುತ್ತಾರೆ. ಎಕರೆಗೆ ಮೂರು ನಾಲ್ಕು ಟನ್ನಿನಷ್ಟು ಬೀಳುವ ಈ ರಾಶಿ ಕುಳೆ ಕಬ್ಬಿಗೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ ನೀರು ಹಾಯಿಸಲು, ಗೊಬ್ಬರ ಹಾಕಲು ಅಡ್ಡಿಯಾಗುತ್ತದೆ, ಇಲಿ, ಹಾವುಗಳಿಗೆ ಆಸರೆಯಾಗುತ್ತದೆ, ಎತ್ತಿ ಸಾಗಿಸೋಣವೆಂದರೆ ಆಳಿನ ಕೂಲಿ ಹೊರೆಯಾಗುತ್ತದೆ. ಒಂದು ಕಡ್ಡಿ ಗೀರಿದರೆ ಅರ್ಧ ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಆದರೆ ಮುಗಿಯುವುದರಲ್ಲಿ ಏನೇನು ಸೇರಿದೆ ಎಂಬುದನ್ನೂ ಲೆಕ್ಕ ಹಾಕಬೇಕು. ರವದಿಯಲ್ಲಿ ತೂಕದ ಶೇಕಡಾ 0.4ರ ಸುಮಾರು ಸಾರಜನಕವಿದೆ. ಅಂದರೆ ನಾಲ್ಕು ಟನ್ನಿನಲ್ಲಿ ಸುಮಾರು 16 ಕಿಲೋ. ಸುಟ್ಟಾಗ ಅದರ ಬಹುಪಾಲು ಗಾಳಿಗೆ ಹೋಗುತ್ತದೆ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕ ಇರುವುದರಿಂದ, ಎಕರೆಗೆ ಸುಮಾರು 35 ಕಿಲೋ ಯೂರಿಯಾವನ್ನು ಸುಟ್ಟಂತಾಯಿತು. ಇದರ ಜೊತೆಗೆ ಮಣ್ಣಿನ ಮೇಲ್ಪದರದ ತೇವ, ಜೀವಾಣುಗಳು, ಮತ್ತು ಬದುವಿನ ಮೇಲಿನ ಬೇವು, ಬನ್ನಿಗಳ ಹಾನಿಯೂ ಇದೆ. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹೊದಿಸಿ ಕೊಳೆಸುವುದು, ಪುಡಿ ಮಾಡುವ ಯಂತ್ರ ಹಾಯಿಸುವುದು ಇದಕ್ಕೆ ಇರುವ ದಾರಿಗಳು. ಅವುಗಳ ಖರ್ಚನ್ನು ರೈತನೊಬ್ಬನೇ ಹೊರಬೇಕೆನ್ನುವುದು ನ್ಯಾಯವಲ್ಲ.

ಪಂಜಾಬ, ಹರಿಯಾಣಗಳ ಭತ್ತದ ಕೂಳೆ ಸುಟ್ಟರೆ 2024ರ ನವೆಂಬರಿನಿಂದ ಎರಡು ಎಕರೆಯೊಳಗಿನ ರೈತನಿಗೆ 5,000, ಐದು ಎಕರೆಯವರೆಗೆ 10,000, ಅದಕ್ಕೂ ಮೇಲೆ 30,000 ರೂಪಾಯಿ ದಂಡವಿದೆ. ಆದರೆ ಅದು ದೆಹಲಿ ಸುತ್ತಲಿನ ಗಾಳಿಗೆಂದೇ 2021ರಲ್ಲಿ ಆದ ಪ್ರತ್ಯೇಕ ಕಾಯಿದೆಯ ಕೆಳಗಿನ ದಂಡ, ಬಾಗಲಕೋಟೆಗೆ ಅನ್ವಯಿಸುವುದಿಲ್ಲ. ಇಲ್ಲಿ 1981ರ ವಾಯು ಕಾಯಿದೆಯ 19ನೇ ಕಲಮು ರಾಜ್ಯ ಸರ್ಕಾರಕ್ಕೆ, ಗೊತ್ತುಪಡಿಸಿದ ಪ್ರದೇಶದಲ್ಲಿ ಇಂಧನವಲ್ಲದ ವಸ್ತುಗಳನ್ನು ಸುಡುವುದನ್ನು ಪ್ರಕಟಣೆಯ ಮೂಲಕ ತಡೆಯುವ ಅಧಿಕಾರ ಕೊಟ್ಟಿದೆ.

ಜಾತ್ರೆಯ ಬೆಂಕಿಯದು ಬೇರೆಯೇ ಸ್ವರೂಪ. ಬನಶಂಕರಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಬಂದವರು ಬಯಲಿನಲ್ಲಿಯೇ ಬೀಡುಬಿಟ್ಟು, ಮೂರು ಕಲ್ಲಿನ ಒಲೆ ಹೂಡಿ, ಪಕ್ಕದಲ್ಲಿಯೇ ಎತ್ತುಗಳಿಗೆ ಮೇವು ಒಟ್ಟಿಕೊಂಡಿರುತ್ತಾರೆ. ಸಾಲು ಅಂಗಡಿಗಳೂ, ನಾಟಕ ಕಂಪನಿಗಳ ಟೆಂಟುಗಳೂ, ವಿದ್ಯುತ್ ತಂತಿಗಳೂ, ಮಿಠಾಯಿ ಅಂಗಡಿಯ ಅನಿಲದ ಸಿಲಿಂಡರುಗಳೂ ಒತ್ತೊತ್ತಾಗಿ ಸೇರುತ್ತವೆ. ಬಟ್ಟೆಯ ಚಪ್ಪರದ ಕೆಳಗೆ ಬೆಂಕಿ ಏನು ಮಾಡಬಲ್ಲದು ಎಂಬುದನ್ನು ಕರ್ನಾಟಕ 1981ರ ಫೆಬ್ರುವರಿ 7ರಂದು ಕಂಡಿದೆ; ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. ತಾತ್ಕಾಲಿಕ ಚಪ್ಪರಗಳ ಅಗ್ನಿ ಸುರಕ್ಷತೆಗೆಂದೇ ಭಾರತೀಯ ಮಾನಕ ಸಂಸ್ಥೆ ಐಎಸ್ 8758 ಎಂಬ ಮಾನಕವನ್ನು ರೂಪಿಸಿದೆ. ಜಾತ್ರೆಗೆ ಜಾಗ ಹಂಚುವ ಹೊತ್ತಿನಲ್ಲಿಯೇ ಒಲೆಗಳಿಗೆ ಒಂದು ಪಾಲು, ಮೇವಿಗೆ ಇನ್ನೊಂದು ಪಾಲು, ನೀರಿನ ಬಂಡಿ ಓಡಾಡಲು ನಡುವೆ ಅಗಲವಾದ ದಾರಿ ಎಂದು ಗೆರೆ ಹಾಕುವುದು ಯಾವ ಖರ್ಚೂ ಇಲ್ಲದ ಕೆಲಸ.

ಹೋಳಿಯ ಕಾಮದಹನಕ್ಕೆ ಬಾಗಲಕೋಟೆ ನಾಡಿನಲ್ಲಿಯೇ ಹೆಸರಾದುದು. ಹಲಗಿಯ ಸದ್ದಿನೊಂದಿಗೆ ಕುಳ್ಳು, ಕಟ್ಟಿಗೆಗಳನ್ನು ಕೂಡಿಸುವ ಹುಡುಗರ ಸಡಗರ, ಸುಟ್ಟ ಕಾಮನ ಕೆಂಡವನ್ನು ಮನೆಗೆ ತಂದು ಒಲೆ ಹೊತ್ತಿಸುವ, ಅದರಲ್ಲಿ ಕಡಲೆ ಹುರಿದು ತಿನ್ನುವ ಪದ್ಧತಿ ಈ ಹಬ್ಬವನ್ನು ಮನೆಮನೆಗೆ ಬೆಸೆದಿವೆ. ಮನೆಗೆ ತಂದು ಅಡುಗೆಗೆ ಬಳಸುವ ಕೆಂಡ ಶುದ್ಧವಾಗಿರಬೇಕೆಂಬುದು ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಆ ಬೆಂಕಿಗೆ ಟೈರನ್ನೂ ಪ್ಲಾಸ್ಟಿಕ್ಕನ್ನೂ ಎಸೆಯುವುದು ಕಾಯಿದೆಗೆ ವಿರುದ್ಧವಾಗುವ ಮೊದಲೇ ಹಬ್ಬಕ್ಕೆ ವಿರುದ್ಧವಾಗಿದೆ.

ಇಷ್ಟೆಲ್ಲ ನಿಯಮಗಳಿದ್ದರೂ ಚೊಳಚಗುಡ್ಡದ ಒಬ್ಬ ರೈತನಿಗಾಗಲಿ, ಬಾದಾಮಿಗೆ ಬಂದ ಒಬ್ಬ ಪ್ರವಾಸಿಗನಿಗಾಗಲಿ ತಾನು ಎಲ್ಲಿ, ಯಾವಾಗ, ಎಷ್ಟು ದೊಡ್ಡ ಬೆಂಕಿ ಹೊತ್ತಿಸಬಹುದು ಎಂದು ಒಂದೇ ಕಡೆ ತಿಳಿಯಬೇಕಾದರೆ ಪೊಲೀಸ್, ಅರಣ್ಯ, ಪುರಾತತ್ವ, ಮಾಲಿನ್ಯ ನಿಯಂತ್ರಣ ಈ ನಾಲ್ಕೂ ಇಲಾಖೆಗಳ ಕಾಯಿದೆಗಳನ್ನು ಓದಬೇಕು. ಯಾವ ರೈತನೂ ಅದನ್ನು ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಆ ಕೆಲಸ ಗ್ರಾಮ ಪಂಚಾಯಿತಿಯದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993 ಊರಿನ ನೈರ್ಮಲ್ಯದ ಹೊಣೆಯನ್ನು ಪಂಚಾಯಿತಿಗೆ ವಹಿಸಿದೆ, ಉಪವಿಧಿಗಳನ್ನು, ಅಂದರೆ ಮೇಲಿನ ಕಾಯಿದೆಗೆ ಒಳಪಟ್ಟ ಊರಿನ ಕಟ್ಟಳೆಗಳನ್ನು ಮಾಡಿಕೊಳ್ಳಲು ದಾರಿಯನ್ನೂ ತೋರಿಸಿದೆ, ಅವುಗಳನ್ನು ಜನರ ಮುಂದಿಟ್ಟು ಚರ್ಚಿಸಲು ಗ್ರಾಮ ಸಭೆಯನ್ನು ಕೊಟ್ಟಿದೆ. ಕುಣಿಯ ಅಳತೆ, ಬಣವಿಯಿಂದ ಇರಬೇಕಾದ ದೂರ, ಗಾಳಿಯ ದಿನ ಹೊತ್ತಿಸಬಾರದೆಂಬ ಕಟ್ಟು, ಹೊಲ ಸುಡಲೇಬೇಕಾದರೆ ನೆರೆಹೊಲದವನಿಗೆ ಮುಂಚೆ ತಿಳಿಸಿ ಬದುವಿನುದ್ದಕ್ಕೂ ರಂಟೆ ಹೊಡೆದು ಬರಿದು ಪಟ್ಟಿ ಬಿಡುವ ಕ್ರಮ, ಬಂಡೆಯ ಬುಡದಲ್ಲಿ ಬೆಂಕಿಯೇ ಬೇಡವೆಂಬ ಮಾತು, ಅಗ್ನಿಶಾಮಕ ದಳದ 101 ಮತ್ತು ತುರ್ತು ನೆರವಿನ 112 ಎಂಬ ಸಂಖ್ಯೆಗಳು ಇವೆಲ್ಲ ಒಂದು ಹಾಳೆಯಲ್ಲಿ ಹಿಡಿಯುತ್ತವೆ. ಬನದ ಹುಣ್ಣಿಮೆಗೆ ಮೊದಲು ನಡೆಯುವ ಗ್ರಾಮ ಸಭೆಯಲ್ಲಿ ಆ ಹಾಳೆಯನ್ನು ಓದಿ, ಒಪ್ಪಿ, ಪಂಚಾಯಿತಿಯ ಗೋಡೆಗೂ ಬನಶಂಕರಿಯ ದಾರಿಗೂ ಬಾದಾಮಿಯ ವಸತಿಗೃಹಗಳಿಗೂ ಹಚ್ಚುವಂತೆ ಊರಿನವರು ತಮ್ಮ ಸದಸ್ಯರನ್ನು ಕೇಳಬೇಕು.